ನನಗೆ ಹಿಡಿಸದ ಬ್ರೇಕು

ನನಗೆ ಕೋಪ ಬಂದಾಗಲೆಲ್ಲ ಕೈಗೊಂದು ಸ್ಪ್ಯಾನರ್ ಬಂದುಬಿಡುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಬೇರೆಯವರು ಕೋಪ ಬಂದರೆ ಕೂಗಾಡುತ್ತಾರೆ, ಊಟ ಬಿಡುತ್ತಾರೆ, ತೀರಾ ಹೆಚ್ಚಾದರೆ ಬಾಗಿಲನ್ನು ದಡಾರನೆ ಹಾಕಿಕೊಂಡು ಮಲಗುತ್ತಾರೆ. ನಾನು ಹಾಗೆ ಸುಮ್ಮನಾಗುವವನಲ್ಲ. ಪ್ಲಂಬರ್ ಮೂರು ಸಲ ಬರುತ್ತೇನೆಂದು ಹೇಳಿ ಬರಲಿಲ್ಲವೆಂದು ಬಚ್ಚಲುಮನೆಯ ನಲ್ಲಿಯನ್ನು ನಾನೇ ಬಿಚ್ಚಿದೆ. ಅವತ್ತು ಕೆಳಗಿನ ಮನೆಯವರ ಚಾವಣಿಯಲ್ಲಿ ಮೂಡಿದ ಕಲೆ ಇವತ್ತಿಗೂ ಇದೆ. ಅವರ ಮನೆಗೆ ಹೋದಾಗ ನಾನು ತಲೆ ಎತ್ತಿ ಮಾತಾಡುವುದಿಲ್ಲ. ಮಿಕ್ಸಿ ರಿಪೇರಿಯವನು "ಇದು ಆಗಲ್ಲ, ಹೊಸದು ತಗೊಳ್ಳಿ" ಎಂದನೆಂದು ಮಿಕ್ಸಿ ಬಿಚ್ಚಿದೆ. ಮತ್ತೆ ಜೋಡಿಸಿದಾಗ ಒಂದು ಸ್ಪ್ರಿಂಗು, ಎರಡು ಸ್ಕ್ರೂ ಮಿಕ್ಕವು. ಮಿಕ್ಸಿಯೇನೋ ತಿರುಗಿತು, ಆದರೆ ಹಿಂದುಮುಂದಾಗಿ. ಹೀಗಾಗಿ ನಾನು "ನಾನೇ ಮಾಡ್ತೀನಿ" ಎಂದ ಕೂಡಲೇ ನನ್ನ ಹೆಂಡತಿ ವನಜ ನೆಲದ ಮೇಲಿರುವುದನ್ನೆಲ್ಲ ಎತ್ತಿ ಮಂಚದ ಮೇಲಿಡುತ್ತಾಳೆ.

ಇಂಥ ಸ್ವಭಾವದವನು ಕಾರು ಇಟ್ಟುಕೊಳ್ಳಬಾರದಿತ್ತು. ವರ್ಗವಾಗಿ ಹೋಗುತ್ತಿದ್ದ ಸಹೋದ್ಯೋಗಿಯೊಬ್ಬರು ಕಣ್ಣಲ್ಲಿ ನೀರು ತಂದುಕೊಂಡು ಮಾರಿದ ಕಾರು ಅದು. ಅಗಲಿಕೆಯ ದುಃಖ ಎಂದುಕೊಂಡಿದ್ದೆ; ನನ್ನ ಮೇಲಿನ ಕನಿಕರ ಎಂಬುದು ಆಮೇಲೆ ತಿಳಿಯಿತು. ಆದರೂ ಮದರಾಸಿಗೆ ಅದು ಸಾಕಾಗಿತ್ತು. ಊರಿಗೆ ಚೆನ್ನೈ ಎಂದು ಹೆಸರಿಟ್ಟು ಕೆಲವು ವರ್ಷಗಳಾಗಿದ್ದರೂ ನನ್ನ ಬಾಯಿಗೆ ಇನ್ನೂ ಮದರಾಸೇ ಬರುತ್ತದೆ. ಊರು ದೋಸೆಕಲ್ಲಿನ ಹಾಗೆ ಚಪ್ಪಟೆ. ರೈಲು ಹಳಿಯ ಕೆಳಗೆ ಹಾದುಹೋಗುವ ಸಬ್‌ವೇಗಳು, ಫ್ಲೈಓವರುಗಳು ಬಿಟ್ಟರೆ ಇಳಿಜಾರು ಎಂಬುದೇ ಇಲ್ಲ. ಕಾಲು ತೆಗೆದರೆ ಕಾರು ತಾನಾಗಿ ನಿಲ್ಲುತ್ತದೆ. ಬ್ರೇಕಿನ ಬಗ್ಗೆ ನಾನು ಎಂದೂ ಯೋಚಿಸಿದವನಲ್ಲ.

ಯೋಚಿಸುವಂತಾದದ್ದು ದುರೈಸಾಮಿ ಸಬ್‌ವೇಯಲ್ಲಿ. ಒಂದು ಸೋಮವಾರ ಬೆಳಿಗ್ಗೆ ಅದರ ಇಳಿಜಾರಿನಲ್ಲಿ ಇಳಿಯುತ್ತಿದ್ದೇನೆ, ಮುಂದೆ ಸೈಕಲ್ಲಿನ ಎರಡೂ ಕಡೆ ಬಾಳೆಎಲೆಯ ಕಟ್ಟು ನೇತುಹಾಕಿಕೊಂಡು ಒಬ್ಬ ಮುದುಕ ಹೋಗುತ್ತಿದ್ದಾನೆ. ಬ್ರೇಕ್ ಒತ್ತಿದೆ. ಪೆಡಲು ತುಪ್ಪದ ಗಡಿಗೆಯಲ್ಲಿ ಕಾಲಿಟ್ಟ ಹಾಗೆ ಮೆತ್ತಗೆ ಒಳಗೆ ಹೋಯಿತು, ಕಾರು ನಿಲ್ಲಲಿಲ್ಲ. ಗಾಬರಿಯಲ್ಲಿ ಮತ್ತೊಮ್ಮೆ, ಮಗದೊಮ್ಮೆ ತುಳಿದೆ. ಮೂರನೆಯದಕ್ಕೆ ಹಿಡಿಯಿತು. ಬಾಳೆಎಲೆಯ ತುದಿ ನನ್ನ ಬಾನೆಟ್ಟನ್ನು ಸವರಿಕೊಂಡು ಹೋಯಿತು. ಮುದುಕ ಹಿಂದೆ ತಿರುಗಿಯೂ ನೋಡಲಿಲ್ಲ. ಅವನ ಆಯುಸ್ಸು ಎಷ್ಟು ಗಟ್ಟಿ ಎಂಬುದು ಆ ಸಬ್‌ವೇಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ನನ್ನ ಕೆಲಸದ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ನಾನು ಒಂದು ವಿಮಾ ಕಚೇರಿಯಲ್ಲಿ ವಾಹನಗಳ ಕ್ಲೇಮು ನೋಡುವವನು. ಗೋಡೆಗೆ, ಎಮ್ಮೆಗೆ, ಮಾವನ ಮನೆಯ ಗೇಟಿಗೆ ಗುದ್ದಿದವರೆಲ್ಲ ಫಾರಮ್ಮಿನಲ್ಲಿ ಕಾರಣ ಎಂಬ ಕಡೆ ಬರೆಯುವುದು ಒಂದೇ: ಬ್ರೇಕ್ ಹಿಡಿಯಲಿಲ್ಲ. ಹಾಗಾಗಿ ಹಿಡಿಯದ ಬ್ರೇಕುಗಳನ್ನು ಕಾಗದದ ಮೇಲೆ ನನ್ನಷ್ಟು ನೋಡಿದವರು ಈ ಊರಿನಲ್ಲಿ ಇರಲಾರರು. ಒಮ್ಮೆ ನಿವೃತ್ತ ಮೇಷ್ಟರೊಬ್ಬರು ತಮ್ಮ ಕಾರಿನ ಬ್ರೇಕನ್ನು ತಾವೇ ರಿಪೇರಿ ಮಾಡಿಕೊಂಡು ಸೀದಾ ಹೂವಿನ ಅಂಗಡಿಯೊಳಕ್ಕೆ ಹೋಗಿದ್ದರು. ಅವರ ಫೈಲಿನ ಅಂಚಿನಲ್ಲಿ ನಾನು ಹಸಿರು ಇಂಕಿನಲ್ಲಿ "ಮಾಲೀಕರ ಕೈಚಳಕ" ಎಂದು ಬರೆದು, ಮನೆಗೆ ಬಂದು ವನಜಳಿಗೂ ಹೇಳಿ ನಕ್ಕಿದ್ದೆ. ಹೆಂಡತಿಯ ಹತ್ತಿರ ಕಚೇರಿಯ ವಿಷಯ ಹೇಳಬಾರದು. ಅವರು ಮರೆಯುವುದಿಲ್ಲ.

ಬ್ರೇಕು ಮೆತ್ತಗಾದದ್ದು ಬೇರೆ ವಾರವಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮುಂದಿನ ವಾರ ಗುರುವಾರ ಅಕ್ಕನ ಮಗಳು ಸುಮಳ ಸೀಮಂತ. ಅಕ್ಕನ ಮನೆ ಮಾಧವರಂನಲ್ಲಿ, ಡೈರಿಯಿಂದಾಚೆ. ಛತ್ರ ಗೊತ್ತಾಗಿದ್ದು ನಮ್ಮ ವೆಸ್ಟ್ ಮಾಂಬಲಂನಲ್ಲಿ, ಮನೆಯಿಂದ ಮೂರನೇ ಬೀದಿ. ಊರಿನ ಆ ತುದಿಯಿಂದ ಈ ತುದಿಗೆ ಏಳು ತಿಂಗಳ ಬಸುರಿಯನ್ನು ಆಟೋದಲ್ಲಿ ಕುಲುಕಿಸಿಕೊಂಡು ತರುವುದು ಹೇಗೆಂದು ಅಕ್ಕ ಒಂದು ತಿಂಗಳಿಂದ ಕೊರಗುತ್ತಿದ್ದಳು. "ಅಕ್ಕಾ, ನಾನಿಲ್ವಾ, ಹುಡುಗೀನ ನನ್ನ ಕಾರಲ್ಲಿ ಹೂವಿನ ಹಾಗೆ ಕರ್ಕೊಂಡು ಬರ್ತೀನಿ" ಎಂದು ಮಾತು ಕೊಟ್ಟವನು ನಾನೇ. "ನೀನೊಬ್ಬ ಇದೀಯಲ್ಲ ಮೂರ್ತಿ, ಅಷ್ಟೇ ಸಾಕು ಕಣೋ" ಎಂದು ಅಕ್ಕ ಅತ್ತಿದ್ದಳು. ಅಂದರೆ ಬ್ರೇಕು ಗುರುವಾರದೊಳಗೆ ಹಿಡಿಯಬೇಕು, ಇಲ್ಲವೇ ನಾನು ಅಕ್ಕನಿಗೆ ಮುಖ ತೋರಿಸುವ ಹಾಗಿಲ್ಲ. ಆ ಹುಡುಗಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೂರು ಸಲ ಪೆಡಲು ತುಳಿಯುವ ನನ್ನ ಚಿತ್ರ ಕಣ್ಣ ಮುಂದೆ ಬಂದು, ಆ ರಾತ್ರಿ ಅನ್ನ ಸೇರಲಿಲ್ಲ.

ಮಂಗಳವಾರ ಕಾರನ್ನು ಇಪ್ಪತ್ತರ ವೇಗದಲ್ಲಿ ನಮ್ಮ ಬೀದಿಯ ತುದಿಯ ಮೆಕ್ಯಾನಿಕ್ ಏಳುಮಲೈ ಹತ್ತಿರ ತೆಗೆದುಕೊಂಡು ಹೋದೆ. ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಅವನೊಂದಿಗೆ ನನ್ನ ವ್ಯವಹಾರವೆಲ್ಲ ತಮಿಳಿನಲ್ಲಿ. ನನ್ನ ತಮಿಳಿನ ಗುಟ್ಟನ್ನು ಈಗ ಬಯಲು ಮಾಡುತ್ತೇನೆ. ಮೈಸೂರಿನಿಂದ ಇಲ್ಲಿಗೆ ವರ್ಗವಾಗಿ ಬಂದ ಹೊಸತರಲ್ಲಿ ನಾನೊಂದು ಸೂತ್ರ ಕಂಡುಹಿಡಿದೆ: ಕನ್ನಡ ಪದದ ಹಕಾರ ತೆಗೆದು ಪಕಾರ ಹಾಕಿದರೆ ಅದೇ ತಮಿಳು. ಹಾಲು ಪಾಲ್ ಆಗುತ್ತದೆ, ಹತ್ತು ಪತ್ತು, ಹುಲಿ ಪುಲಿ, ಹಲ್ಲು ಪಲ್ಲು. ಹನ್ನೊಂದು ವರ್ಷ ಈ ಒಂದೇ ಸೂತ್ರದ ಮೇಲೆ ನಾನು ಮಾಂಬಲಂನಲ್ಲಿ ಸಂಸಾರ ಮಾಡಿದ್ದೇನೆ. ಇಲ್ಲೇ ಬೆಳೆದು, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ನನ್ನ ಮಗಳು ಪಲ್ಲವಿ, ನಾನು ತಮಿಳು ಮಾತಾಡಲು ಶುರುಮಾಡಿದರೆ ಬೇರೆಯವರ ಮಗಳ ಹಾಗೆ ಹತ್ತು ಹೆಜ್ಜೆ ದೂರ ಹೋಗಿ ನಿಲ್ಲುತ್ತಾಳೆ. ಅದು ಹನ್ನೆರಡು ವರ್ಷದ ಮಕ್ಕಳ ನಾಚಿಕೆ ಎಂದುಕೊಂಡಿದ್ದೆ.

ಬ್ರೇಕ್ ಹಿಡಿಯುತ್ತಿಲ್ಲ ಎನ್ನಬೇಕು. ಹಿಡಿ ಎಂದರೆ ಪಿಡಿ. ನನಗೆ ಹಿಡಿಯುತ್ತಿಲ್ಲ, ಅವನಿಗೆ ಹಿಡಿಯುತ್ತದೋ ಏನೋ ನೋಡಲಿ ಎಂಬ ಉದಾರಬುದ್ಧಿಯಿಂದ ಮುಂದೆ ಒಂದು 'ನನಗೆ' ಸೇರಿಸಿದೆ. "ಎನಕ್ಕು ಬ್ರೇಕ್ ಪಿಡಿಕ್ಕಲೆ" ಎಂದೆ.

ಏಳುಮಲೈ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. "ಏನ್ ಸಾರ್ ಪಿಡಿಕ್ಕಲೆ? ನಲ್ಲಾತ್ತಾನೇ ಇರುಕ್ಕು" ಎಂದ. ಯಾಕೆ, ಚೆನ್ನಾಗಿಯೇ ಇದೆಯಲ್ಲ ಎಂದು. ಕಾರನ್ನು ಮುಟ್ಟಿಯೂ ನೋಡದೆ ಚೆನ್ನಾಗಿದೆ ಎನ್ನುತ್ತಾನಲ್ಲ ಎಂದು ನನಗೆ ಉರಿದುಹೋಯಿತು. ಬಾಗಿಲು ತೆರೆದು, ಪೆಡಲಿನ ಕಡೆ ಬೆರಳು ಮಾಡಿ, ಇದು ನನಗೆ ಸ್ವಲ್ಪವೂ ಪಿಡಿಕ್ಕಲೆ, ಹೆಂಡತಿಗೂ ಪಿಡಿಕ್ಕಲೆ, ಗುರುವಾರ ಮನೆಯಲ್ಲಿ ವಿಶೇಷ ಇದೆ ಎಂದು ಒತ್ತಿ ಹೇಳಿದೆ. ಅವನು ಬಗ್ಗಿ ಪೆಡಲನ್ನು ನೋಡಿದ. ಮತ್ತೆ ನನ್ನನ್ನು ನೋಡಿದ. ಏನೋ ಅರ್ಥವಾದವನ ಹಾಗೆ ತಲೆಯಾಡಿಸಿ, ನಾಳೆ ಬನ್ನಿ ಎಂದ.

ಬುಧವಾರ ಹೋದರೆ ಕಾರು ಸಿದ್ಧವಾಗಿತ್ತು. ಕೀ ಕೈಗೆ ಕೊಟ್ಟು, ಬಾಗಿಲು ತೆರೆದು, ಒಳಗೆ ನೋಡಿ ಎಂದು ಹೆಮ್ಮೆಯಿಂದ ತೋರಿಸಿದ. ಸವೆದು ನುಣ್ಣಗಾಗಿದ್ದ ಪೆಡಲಿನ ಹಳೆಯ ರಬ್ಬರು ಹೋಗಿ, ಅಲ್ಲಿ ಹೊಚ್ಚಹೊಸ ಕರಿ ರಬ್ಬರು ಮಿರಿಮಿರಿ ಮಿಂಚುತ್ತಿತ್ತು. ಸುತ್ತ ಬೆಳ್ಳಿ ಬಣ್ಣದ ಪಟ್ಟಿ ಬೇರೆ. ಬ್ರೇಕು ಎಂದಿನಂತೆ ತುಪ್ಪದಲ್ಲೇ ಇತ್ತು.

ನನಗಾದ ಅವಮಾನವನ್ನು ಹೇಗೆ ಹೇಳಲಿ. ಹಿಡಿಯದ ಬ್ರೇಕಿಗೆ ಹೊಸ ರಬ್ಬರಿನ ಬೂಟು ತೊಡಿಸಿ ಕಳಿಸುತ್ತಾನಲ್ಲ, ಹೊರಗಿನವನೆಂದರೆ ಇಷ್ಟು ಸದರವೇ? ಬಾಯಿಬಿಟ್ಟರೆ ಏನಾಗುತ್ತದೋ ಎಂದು ಅಲ್ಲಿ ಏನೂ ಹೇಳದೆ ಬಂದೆ. ಮನೆಗೆ ಬಂದು ಬಾಯಿಬಿಟ್ಟೆ. ಮೆಕ್ಯಾನಿಕ್ಕುಗಳ ಜಾತಿಯೇ ಇಂಥದ್ದು, ಬೀದಿ ಬೀದಿಗೊಬ್ಬ ಸುಲಿಗೆಕೋರ, ಓದಿದವರು ಸುಮ್ಮನಿರುವುದರಿಂದಲೇ ದೇಶ ಹೀಗಾಗಿದೆ ಎಂದು ಅರ್ಧ ಗಂಟೆ ಮಾತಾಡಿ, ಕೊನೆಗೆ "ನಾನೇ ಮಾಡ್ತೀನಿ" ಎಂದೆ.

ವನಜ ಈ ಸಲ ನೆಲದ ಮೇಲಿನ ಸಾಮಾನು ಎತ್ತಲಿಲ್ಲ. ಹೆಚ್ಚುತ್ತಿದ್ದ ಬೀನ್ಸನ್ನು ಪಕ್ಕಕ್ಕಿಟ್ಟು, "ರೀ, ಇದು ಮಿಕ್ಸಿ ಅಲ್ಲ" ಎಂದಳು. "ಅದ್ರಲ್ಲಿ ಸುಮ ಕೂತ್ಕೋತಾಳೆ. ಇನ್ನೊಬ್ಬ ಮೆಕ್ಯಾನಿಕ್ ಹತ್ರ ತೋರ್ಸಿ. ಇಲ್ಲಾಂದ್ರೆ ಒಂದು ಟ್ಯಾಕ್ಸಿ ಮಾಡಿ."

"ಎಲ್ಲಾ ಮೆಕ್ಯಾನಿಕ್ಕುಗಳೂ ಒಂದೇ."

"ಆ ಹೂವಿನಂಗಡಿ ಮೇಷ್ಟ್ರೂ ಹಂಗೇ ಅಂದ್ಕೊಂಡಿರ್ಬೇಕು."

ನಾನು ಎದ್ದು ಬ್ರೌಸಿಂಗ್ ಸೆಂಟರಿಗೆ ಹೋದೆ. ಇಂಟರ್ನೆಟ್ಟು ಬಂದ ಹೊಸತು, ಅದರಲ್ಲಿ ಸಿಕ್ಕದ್ದು ಇಲ್ಲ ಎಂದು ಕಚೇರಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ನಿಮ್ಮ ಬ್ರೇಕನ್ನು ನೀವೇ ರಿಪೇರಿ ಮಾಡಬೇಕೆ ಎಂಬ ಇಂಗ್ಲಿಷ್ ಲೇಖನವೊಂದು ಸಿಕ್ಕಿತು. ಹದಿನಾಲ್ಕು ಪುಟ. ಮೊದಲ ನಾಲ್ಕು ಪುಟ ಮಾಡಬೇಡಿ ಎಂದೂ, ಮಿಕ್ಕ ಹತ್ತು ಪುಟ ಹೇಗೆ ಮಾಡುವುದು ಎಂದೂ ಇತ್ತು. ನಾನು ಕಾಗದ ಉಳಿಸುವ ದೃಷ್ಟಿಯಿಂದ ಐದನೇ ಪುಟದಿಂದ ಪ್ರಿಂಟು ತೆಗೆಸಿದೆ. ಬ್ರೇಕಿನ ಎಣ್ಣೆ ಹರಿಯುವ ಪೈಪಿನಲ್ಲಿ ಗಾಳಿ ಸೇರಿದರೆ ಬ್ರೇಕು ಮೆತ್ತಗಾಗುತ್ತದಂತೆ. ಒಬ್ಬರು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿಯ ಸಣ್ಣ ತಿರುಪನ್ನು ಸಡಿಲಿಸಿ ಗಾಳಿಯನ್ನು ಹೊರಬಿಡಬೇಕು. ಒತ್ತು, ಹಿಡಿ, ಬಿಡು. ಇಷ್ಟೇ. ಇಷ್ಟಕ್ಕೆ ಆ ಏಳುಮಲೈ ಬೇಕೆ? ಪೆಡಲು ಒತ್ತಲು ಒಬ್ಬ ಸ್ನೇಹಿತನನ್ನು ಕರೆಯಿರಿ ಎಂದು ಬರೆದಿತ್ತು. ಬ್ರೇಕಿಲ್ಲದ ಕಾರಿನೊಳಗೆ ಕೂರುವಷ್ಟು ಸ್ನೇಹಿತರು ನನಗೆ ಯಾರೂ ಇಲ್ಲ. ಇರುವುದು ಹೆಂಡತಿ.

ಭಾನುವಾರ ಬೆಳಿಗ್ಗೆ ವನಜ ಒಪ್ಪಿದ್ದು ಸುಮಳಿಗಾಗಿ. ತಾನು ಕಣ್ಣೆದುರಿಗೆ ಇಲ್ಲದಿದ್ದರೆ ನಾನು ಇನ್ನೂ ಏನೇನು ಬಿಚ್ಚುವೆನೋ ಎಂಬ ಭಯ ಅವಳದು. ನಮ್ಮ ಫ್ಲ್ಯಾಟಿನ ಕೆಳಗೆ, ಮಳೆನೀರು ನುಗ್ಗದಿರಲೆಂದು ಕಾರು ನಿಲ್ಲಿಸುವ ಜಾಗವನ್ನು ಬೀದಿಗಿಂತ ಎತ್ತರಕ್ಕೆ ಕಟ್ಟಿ, ಮುಂದೆ ಒಂದು ಇಳಿಜಾರು ಮಾಡಿದ್ದಾರೆ. ಒಳಗೆ ಕತ್ತಲೆ, ನೆಲಕ್ಕೆ ಎಣ್ಣೆ ಬಿದ್ದರೆ ಅಸೋಸಿಯೇಷನ್ನಿನವರ ಗಲಾಟೆ. ಅದಕ್ಕೇ ಕಾರಿನ ಹಿಂಭಾಗವನ್ನು ಆ ಇಳಿಜಾರಿಗೆ ತಂದು ನಿಲ್ಲಿಸಿದೆ. ಕಾರು ಸಮತಟ್ಟು ನೆಲದಲ್ಲಿರಲಿ ಎಂದು ಬರೆದಿತ್ತು. ಈ ಊರೇ ಸಮತಟ್ಟು, ಅವರಿಗೇನು ಗೊತ್ತು ಎಂದುಕೊಂಡೆ. ಹಿಂದಿನ ಚಕ್ರಕ್ಕೆ ಅಡ್ಡ ಕೊಡಲು ಮರದ ತುಂಡು ಬೇಕೆಂದಿತ್ತು. ಅದರ ಬದಲು ವನಜ ತವರಿನಿಂದ ತಂದು, ಗ್ರೈಂಡರ್ ಬಂದ ಮೇಲೆ ಮೂಲೆಗೆ ಬಿದ್ದಿದ್ದ ರುಬ್ಬುವ ಗುಂಡನ್ನು ಇಟ್ಟೆ. ರುಬ್ಬುವ ಗುಂಡು ಹುಟ್ಟಿರುವುದೇ ಉರುಳುವುದಕ್ಕೆ ಎಂಬುದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಏಳನೇ ಪುಟದಲ್ಲಿ ಹೇಳಿದಂತೆ ಹ್ಯಾಂಡ್ ಬ್ರೇಕು ತೆಗೆದೆ. ವನಜ ಸೀಟಿನಲ್ಲಿ ಕೂತು ದೇವರನ್ನು ನೆನೆದು ಪೆಡಲು ಒತ್ತಿದಳು. ಪಲ್ಲವಿ ಆ ಹತ್ತು ಪುಟ ಹಿಡಿದುಕೊಂಡು ಪಕ್ಕದಲ್ಲಿ ನಿಂತಳು. ನಾನು ಉಪ್ಪಿನಕಾಯಿ ಬಾಟಲಿಗೆ ಒಂದು ರಬ್ಬರ್ ನಳಿಕೆ ಇಳಿಬಿಟ್ಟುಕೊಂಡು ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ತಿರುಪು ಸಡಿಲಿಸಿದೆ.

ಬುಳಕ್ ಎಂದಿತು. ಗಾಳಿ ಬಂತು ಎಂದು ನಾನು ಹಿಗ್ಗಿದೆ. ಅದರ ಹಿಂದೆಯೇ ಎಣ್ಣೆಯೂ ಬಂತು, ಪೆಡಲು ನೆಲ ಮುಟ್ಟಿತು, ಗುಂಡು ಒಮ್ಮೆ ಮೆಲ್ಲನೆ ಮಗ್ಗುಲು ಬದಲಾಯಿಸಿತು. ಆಮೇಲೆ ಅದು ಮುಂದೆ, ಕಾರು ಅದರ ಹಿಂದೆ, ಎರಡೂ ಬೀದಿಯ ಕಡೆ ಹೊರಟವು.

ನಾನು ಬಾಟಲಿ ಹಿಡಿದುಕೊಂಡೇ ಹಿಂದಕ್ಕೆ ಬಿದ್ದೆ. ಆ ಗಳಿಗೆಯಲ್ಲಿ ತಲೆ ಓಡಿದ್ದು ನನ್ನ ಮಗಳಿಗೊಬ್ಬಳಿಗೇ. "ಹ್ಯಾಂಡ್ ಬ್ರೇಕ್ಕೆ ಇಳುಮ್ಮಾ, ಇಳುಮ್ಮಾ" ಎಂದು ಕೂಗಿದಳು. ಇಳು ಎಂದರೆ ತಮಿಳಿನಲ್ಲಿ ಎಳೆ. ಹ್ಯಾಂಡ್ ಬ್ರೇಕ್ ಎಳೆಯಮ್ಮ ಎಂದು ಮಗು ಕೂಗುತ್ತಿದೆ. ಆದರೆ ವನಜ ಮಂಡ್ಯದವಳು. ಗಾಬರಿಯಲ್ಲಿ ಅವಳ ಕಿವಿಗೆ ಬಿದ್ದದ್ದು 'ಇಳಿಯಮ್ಮಾ' ಎಂದು. ಮಗಳು ಹೇಳಿದಂತೆ ಅವಳು ಬಾಗಿಲು ತೆಗೆದು, ಸೀರೆ ಒಟ್ಟುಮಾಡಿಕೊಂಡು, ಸಿಟಿ ಬಸ್ಸಿನಿಂದ ಇಳಿಯುವ ಹಾಗೆ ಜಾಗ್ರತೆಯಾಗಿ ಇಳಿದು ಪಕ್ಕದಲ್ಲಿ ನಿಂತಳು. ಕಾರು ಯಾರ ಹಂಗೂ ಇಲ್ಲದೆ ಹೋಯಿತು.

ಬೀದಿಯಲ್ಲಿ ನೀರಿನ ಲಾರಿಗಾಗಿ ಇಟ್ಟಿದ್ದ ಕೊಡಗಳ ಸಾಲು. ಹಸಿರು, ಕೆಂಪು, ಹಳದಿ, ನೀಲಿ, ಪ್ಲಾಸ್ಟಿಕ್ ಕೊಡಗಳು ತೆರಪಿಲ್ಲದೆ ಒಂದರ ಹಿಂದೊಂದು. ಹೆಂಗಸರು ಆಚೆ ನೆರಳಿನಲ್ಲಿ ನಿಂತಿದ್ದರು. ಕಾರು ಸಾಲಿನ ನಡುವೆ ನಿಧಾನವಾಗಿ ಹಾದು, ಎದುರುಮನೆ ಕಟ್ಟಲು ಹಾಕಿದ್ದ ಮರಳಿನ ಗುಡ್ಡೆಯಲ್ಲಿ ಸೊಂಟದವರೆಗೆ ಹೂತುಕೊಂಡು ನಿಂತಿತು. ಯಾರಿಗೂ ತರಚು ಗಾಯವೂ ಆಗಲಿಲ್ಲ. ಒಂದು ಕೊಡವೂ ಒಡೆಯಲಿಲ್ಲ, ಎಲ್ಲ ಖಾಲಿಯಿದ್ದವು, ಬೀದಿ ತುಂಬ ಉರುಳಿದವು ಅಷ್ಟೆ. ಆದರೂ ಆ ಹೆಂಗಸರು ನನ್ನನ್ನು ಸುತ್ತುವರಿದು ಬೈದ ಬೈಗುಳವನ್ನು ನನ್ನ ಸೂತ್ರದಿಂದ ಕನ್ನಡಕ್ಕೆ ತರಲು ಆಗುವುದಿಲ್ಲ. ಕಾರು ಬಂದು ಹೊಡೆಯಿತೆಂದು ಯಾರಿಗೂ ಸಿಟ್ಟಿಲ್ಲ. ಸಾಲು ಕೆಟ್ಟಿತಲ್ಲ ಎಂದು ಸಿಟ್ಟು. ಬೆಳಗಿನ ಜಾವ ನಾಲ್ಕಕ್ಕೆ ಬಂದು ಮೊದಲ ಜಾಗ ಹಿಡಿದವಳ ಕೊಡ ಈಗ ಯಾವುದು, ಆರಕ್ಕೆ ಬಂದವಳದು ಯಾವುದು? ಎಲ್ಲರೂ ನನ್ನದೇ ಮೊದಲಿತ್ತು ಎನ್ನುತ್ತಿದ್ದರು. ತೀರ್ಪು ನಾನೇ ಕೊಡಬೇಕಂತೆ. ಜೀವ ಉಳಿಯಿತಲ್ಲ ಎನ್ನುವುದು ಬಿಟ್ಟು ಕೊಡಕ್ಕಾಗಿ ಜಗಳವಾಡುವ ಈ ಜನಕ್ಕೆ ಏನನ್ನಬೇಕು ಎಂದು ನಾನೂ ಏರಿದ ದನಿಯಲ್ಲಿ ಶುರುಮಾಡಿದೆ. ವನಜ ನನ್ನ ತೋಳು ಹಿಡಿದು, "ನಿಮ್ಮ ಹಸಿರು ಇಂಕು ಎಲ್ಲಿದೆ?" ಎಂದು ಮೆಲ್ಲಗೆ ಕೇಳಿದಳು. ನಾನು ಬಗ್ಗಿ, ಕಾಲ ಬಳಿ ಉರುಳಿದ್ದ ಕೊಡವೊಂದನ್ನು ಎತ್ತಿ ನಿಲ್ಲಿಸಿದೆ. ಆ ಸೀಟಿನಲ್ಲಿ ನಾನು ಕೂರಿಸಿದ್ದು ಯಾರನ್ನು ಎಂಬುದು ಆಗ ನನಗೆ ತಟ್ಟಿತು.

ಗಲಾಟೆ ಕೇಳಿ ಏಳುಮಲೈ ಬಂದ. ಮರಳು ಸರಿಸಿ, ಚಕ್ರದ ಹಿಂದೆ ಕೈಯಾಡಿಸಿ, ಎಣ್ಣೆ ಹತ್ತಿದ ಬೆರಳನ್ನು ಮೂಸಿ ನೋಡಿದ. ಚಕ್ರದೊಳಗಿನ ಸಿಲಿಂಡರ್ ಸೋರುತ್ತಿದೆ, ಎಷ್ಟೋ ದಿನದಿಂದ ಸೋರುತ್ತಿರಬೇಕು, ಯಾಕೆ ಹೇಳಲಿಲ್ಲ ಎಂದು ತಮಿಳಿನಲ್ಲಿ ಕೇಳಿದ. ಹೇಳಲಿಲ್ಲವೇ? ನನ್ನ ಇಡೀ ವಾರದ ಸಿಟ್ಟು ಒಟ್ಟಿಗೆ ಹೊರಬಂತು. ಮಂಗಳವಾರವೇ ಹೇಳಿದ್ದೆನಲ್ಲ, ಮೂರು ಸಲ ಹೇಳಿದ್ದೆನಲ್ಲ, "ಎನಕ್ಕು ಬ್ರೇಕ್ ಪಿಡಿಕ್ಕಲೆ" ಎಂದು.

ಕೊಡದ ಜಗಳ ಒಮ್ಮೆಗೇ ನಿಂತಿತು. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಹತ್ತು ಹೆಜ್ಜೆ ದೂರ ನಿಂತಿದ್ದ ಪಲ್ಲವಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಹತ್ತಿರ ಬಂದು, ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು: "ಅಪ್ಪಾ, ಬ್ರೇಕ್ ಪಿಡಿಕ್ಕಲೆ ಅಂದ್ರೆ ಬ್ರೇಕ್ ಹಿಡೀತಿಲ್ಲ. ಎನಕ್ಕು ಸೇರಿಸಿದ್ರೆ, ನಂಗೆ ಬ್ರೇಕ್ ಇಷ್ಟ ಇಲ್ಲ ಅಂತ."

ಅಂದರೆ ನಾನು ಆ ಮನುಷ್ಯನ ಮುಂದೆ ನಿಂತು, ಈ ಬ್ರೇಕು ನನಗೆ ಇಷ್ಟವಿಲ್ಲ, ನನ್ನ ಹೆಂಡತಿಗೂ ಇಷ್ಟವಿಲ್ಲ, ಗುರುವಾರ ಮನೆಯಲ್ಲಿ ವಿಶೇಷ ಬೇರೆ ಇದೆ ಎಂದಿದ್ದೆ. ಪೆಡಲಿನ ರಬ್ಬರು ಹಳತಾಗಿ ಅಸಹ್ಯವಾಗಿದೆ, ಬಂಧುಬಳಗದ ಮುಂದೆ ಸಾರ್‌ಗೆ ನಾಚಿಕೆ ಎಂದುಕೊಂಡು ಅವನು ಅಂಗಡಿಯಲ್ಲಿ ಹುಡುಕಿ ಬೆಳ್ಳಿಪಟ್ಟಿಯದನ್ನು ತಂದು ಹಾಕಿದ್ದ. ಕನ್ನಡದಲ್ಲಿ ಹಿಡಿಯುವುದು ಬೇರೆ, ಹಿಡಿಸುವುದು ಬೇರೆ. ಈ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು ಇಟ್ಟಿರುವುದು ಯಾವ ನ್ಯಾಯ ಎಂದು ಈಗಲೂ ನನಗೆ ಕೋಪ ಬರುತ್ತದೆ. ಆದರೆ ಆ ಕೋಪಕ್ಕೆ ಯಾವ ಸ್ಪ್ಯಾನರೂ ಹೊಂದುವುದಿಲ್ಲ.

ಏಳುಮಲೈ ಕಾರನ್ನು ತಳ್ಳಿಸಿಕೊಂಡು ಹೋದ. ಬುಧವಾರ ಸಂಜೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಬ್‌ವೇಗೆ ಹೋಗಿ, ಇಳಿಜಾರಿನ ನಡುವೆ ಒಂದೇ ಒಂದು ಸಲ ಕಾಲಿಟ್ಟ. ಕಾರು ನಿಂತಲ್ಲೇ ನಿಂತಿತು. ಅವನು ನನ್ನ ಕಡೆ ತಿರುಗಿ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ, "ಇಪ್ಪೋ ಪಿಡಿಚ್ಚಿರುಕ್ಕಾ ಸಾರ್?" ಎಂದ. ಈಗ ಹಿಡಿಯಿತೇ ಎಂದನೋ, ಈಗ ಹಿಡಿಸಿತೇ ಎಂದನೋ ತಿಳಿಯಲಿಲ್ಲ. ಪಿಡಿಚ್ಚಿರುಕ್ಕು ಎಂದೆ. ಹನ್ನೊಂದು ವರ್ಷದಲ್ಲಿ ನಾನು ಆಡಿದ ಸರಿಯಾದ ತಮಿಳು ಅದೊಂದೇ ಇರಬೇಕು.

ಗುರುವಾರ ಸುಮಳನ್ನು ಮಾಧವರಂನಿಂದ ಛತ್ರದವರೆಗೆ ನಿಜವಾಗಿಯೂ ಹೂವಿನ ಹಾಗೆ ಕರೆತಂದೆ. ದಾರಿಯುದ್ದಕ್ಕೂ ಅಕ್ಕ, "ನಮ್ಮ ಮೂರ್ತಿ ಒಂದು ಮಾತು ಕೊಟ್ರೆ ಮುಗೀತು, ವಾರವೆಲ್ಲ ಕೂತು ಕಾರು ಸರಿಮಾಡಿಕೊಂಡಿದಾನೆ" ಎಂದು ಮಗಳಿಗೆ ಹೇಳುತ್ತ ಬಂದಳು. ನಾನು ತಿದ್ದಲು ಹೋಗಲಿಲ್ಲ. ವಾರವೆಲ್ಲ ಕೂತಿದ್ದೇನೋ ನಿಜವೇ. ಛತ್ರದ ಬಾಗಿಲಿಗೆ ಬಂದು ಕಾರು ನಿಲ್ಲಿಸಿದಾಗ ಪಕ್ಕದಿಂದ ವನಜ "ಇಳೀರಿ" ಎಂದಳು. ಅದೇ ಹೊತ್ತಿಗೆ ಹಿಂದಿನಿಂದ ಪಲ್ಲವಿ "ಇಳುಪ್ಪಾ" ಎಂದಳು. ಇಬ್ಬರಲ್ಲಿ ಯಾರ ಮಾತು ಕೇಳಬೇಕೆಂದು ನಾನು ಈ ಸಲ ಯೋಚಿಸುತ್ತ ಕೂರಲಿಲ್ಲ. ಮೊದಲು ಮಗಳ ಮಾತು ಕೇಳಿದೆ, ಆಮೇಲೆ ಹೆಂಡತಿಯದು.